ಹಿಂದಿನ ಟೈರ್ ಮಾತ್ರ ಅಗಲ ಮಾಡಿಸಲೇ?

ಪ್ರಶ್ನೆ: ನನ್ನದು ಪೋರ್ಷೆ 718 ಕೇಮನ್, 18 ಇಂಚಿನ ಚಕ್ರ. ಮುಂದೆ 235/45, ಹಿಂದೆ 265/45 ಇದೆ. ಹಿಂದಕ್ಕೆ 285/45 ಹಾಕಿಸಿದರೆ ಹಿಡಿತ ಹೆಚ್ಚುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: ಹಿಂದೆ ಹೆಚ್ಚಬಹುದು, ಆದರೆ ಬೇಡ. ಇಂಜಿನ್ ನಿಮ್ಮ ಬೆನ್ನ ಹಿಂದೆಯೇ ಇರುವುದರಿಂದ ಹಿಂಚಕ್ರಗಳ ಮೇಲೆ ಭಾರ ಜಾಸ್ತಿ. ಕಂಪನಿ ಮುಂದಿನ ಟೈರಿನ ಅಗಲ (235) ಮತ್ತು ಹಿಂದಿನದರ ಅಗಲದ (265) ನಡುವೆ 30 ಮಿಲಿಮೀಟರ್ ಅಂತರ ಇಟ್ಟಿರುವುದು ಆ ಲೆಕ್ಕದಲ್ಲೇ. ಅದನ್ನು 50 ಮಾಡಿದರೆ ತಿರುವಿನಲ್ಲಿ ಮುಂದಿನ ಟೈರ್ ಮೊದಲು ಸೋಲುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಗಡೆಗೇ ಜಾರುತ್ತದೆ. ಅಷ್ಟು ಚುರುಕಾದ ಕಾರನ್ನು ಮಂಕು ಮಾಡಲು ನನಗಂತೂ ಮನಸ್ಸು ಬರುವುದಿಲ್ಲ. ಜೊತೆಗೆ, 45 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇ 45 ಎಂದರ್ಥ; ಅಗಲ ಹೆಚ್ಚಿದರೆ ಅದೂ ಹೆಚ್ಚುತ್ತದೆ. ಹಾಗಾಗಿ ಟೈರಿನ ಒಟ್ಟು ಎತ್ತರ 18 ಮಿಲಿಮೀಟರ್ ಏರಿ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ನಂಬಿರುವ ಚಕ್ರಗಳ ವೇಗದ ಲೆಕ್ಕ ತಪ್ಪುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ಬೇಗ ತೇಲುತ್ತದೆ, ನೆನಪಿರಲಿ. ಈಗಿನ ಅಳತೆಯಲ್ಲೇ, ಪಕ್ಕದ ಗೋಡೆಯ ಮೇಲೆ ಪೋರ್ಷೆಯ ಒಪ್ಪಿಗೆ ಸೂಚಿಸುವ ‘ಎನ್’ ಗುರುತಿರುವ ಟೈರ್ ಕೇಳಿ ಹಾಕಿಸಿ.