2004ರ ತುಮಕೂರು ಪುಟ ಗೂಗಲ್‌ನಲ್ಲಿ ಯಾಕೆ ಸಿಗಲ್ಲ

ನಮಸ್ಕಾರ ಸರ್. 2004ರಲ್ಲಿ ಪೇಪರಿನ ತುಮಕೂರು ಪುಟದಲ್ಲಿ ಬಂದಿದ್ದ ಗುಬ್ಬಿ ಜಾತ್ರೆಯ ವರದಿ ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವು ಹುಡುಕಿದ್ದರಲ್ಲಿ ತಪ್ಪಿಲ್ಲ.

ಆಗ ಕನ್ನಡ ಪತ್ರಿಕೆಗಳ ವೆಬ್‌ಸೈಟುಗಳಲ್ಲಿ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡ ಅಕ್ಷರವನ್ನು ಒಂದೇ ರೀತಿ ಗುರುತಿಸುವ ಸಂಕೇತ ಪದ್ಧತಿ, ಅಪರೂಪ. ಒಂದೊಂದು ಪತ್ರಿಕೆಗೂ ತನ್ನದೇ ಫಾಂಟ್ ಇರುತ್ತಿತ್ತು, ಅದನ್ನು ನಮ್ಮ ಕಂಪ್ಯೂಟರಿಗೆ ಹಾಕಿಕೊಂಡರೆ ಮಾತ್ರ ಕನ್ನಡ ಕಾಣುತ್ತಿತ್ತು, ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಗೂಗಲ್‌ಗೂ ಕಂಡಿದ್ದು ಅದೇ ರಾಶಿ, ಅಲ್ವಾ? ಆಮೇಲೆ ಎಲ್ಲರೂ ಯೂನಿಕೋಡ್‌ಗೆ ಬಂದರು, ಹಳೆಯ ಪುಟಗಳೆಲ್ಲ ಜೊತೆಗೆ ಬರಲಿಲ್ಲ.

ಇನ್ನು ಜಿಲ್ಲಾ ಪುಟದ ಸಣ್ಣ ಸುದ್ದಿಗಳು ಈಗಲೂ ಎಷ್ಟೋ ಸಲ ಇ-ಪೇಪರಿನಲ್ಲಿ ಮಾತ್ರ ಇರುತ್ತವೆ. ಅದು ಅಚ್ಚಾದ ಪುಟದ ಚಿತ್ರ ಇದ್ದ ಹಾಗೆ, ಪದ ಹಾಕಿ ಹುಡುಕಿದರೆ ಸಿಗುವುದು ಕಷ್ಟ. ಊರಿನ ಜಾತ್ರೆ, ಕೆರೆ, ಶಾಲೆಯ ಕಥೆ ಇರುವುದೇ ಆ ಪುಟಗಳಲ್ಲಿ. ಅವು ಹೀಗೆ ಕಣ್ಮರೆಯಾಗುವುದು ನನಗೆ ನಿಜಕ್ಕೂ ಬೇಜಾರು.

ನೀವು ಮೊದಲು ಆ ವರ್ಷದ ಜಾತ್ರೆಯ ದಿನಾಂಕ ತಿಳಿದುಕೊಳ್ಳಿ. ಆಮೇಲೆ ಪತ್ರಿಕೆಯ ಕಚೇರಿಯಲ್ಲೋ ಲೈಬ್ರರಿಯಲ್ಲೋ ಬೈಂಡ್ ಮಾಡಿಟ್ಟ ಸಂಚಿಕೆ ಇದೆಯಾ ಕೇಳಿ. ಸುಮ್ನೆ ಪೇಪರ್ ಹೆಸರು ಹೇಳಬೇಡಿ, ತುಮಕೂರು ಆವೃತ್ತಿಯೇ ಬೇಕು ಅನ್ನಿ. ಬೆಂಗಳೂರು ಆವೃತ್ತಿ ಕೊಟ್ಟರೆ ಅದರಲ್ಲಿ ನಮ್ಮ ಜಿಲ್ಲೆಯ ಪುಟವೇ ಇಲ್ಲದಿರಬಹುದು.