ಸೆಲ್ಫ್ ಬಿಚ್ಚುವ ಮೊದಲು ಅರ್ತಿಂಗ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನ ತಕರಾರು. ಹಾಸನದ ಬಿ.ಎಂ. ರಸ್ತೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹದಿನಾಲ್ಕನೇ ವಯಸ್ಸಿಗೆ ಕೆಲಸಕ್ಕೆ ಸೇರಿದವನು ನಾನು. ಧರ್ಮಸ್ಥಳಕ್ಕೆ ಹೋಗುವ ಟ್ಯಾಕ್ಸಿಗಳು, ಸಕಲೇಶಪುರದ ತೋಟದ ಕಾರುಗಳು, ಎಲ್ಲವೂ ನಮ್ಮ ಬಾಗಿಲಿಗೇ ಬರುತ್ತಿದ್ದವು. ಹಾಗಾಗಿ ಸೆಲ್ಫ್ ಅಂದರೆ ನನಗೆ ಬರೀ ಒಂದು ಪಾರ್ಟ್ ಅಲ್ಲ, ನಾನು ಅನ್ನ ತಿಂದ ವಸ್ತು. ಒಳ್ಳೆಯ ಸೆಲ್ಫನ್ನು ಕೆಟ್ಟಿದೆ ಎಂದು ಗುಜರಿಗೆ ಹಾಕುವುದನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಮ್ಮ ತಾತ 1977ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಈಗ ನನ್ನ ಹತ್ತಿರ ಇದೆ. ಪೆಟ್ರೋಲ್ ಗಾಡಿ. ಬೆಳಗ್ಗೆ ತಣ್ಣಗಿರುವಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂಕಿನಲ್ಲಿ ನಿಲ್ಲಿಸಿದರೆ ಮುಗಿಯಿತು, ಆಮೇಲೆ ‘ಟಕ್’ ಎಂಬ ಸದ್ದು ಮಾತ್ರ. ಎರಡು ಸಲ ಸೆಲ್ಫ್ ಬದಲಾಯಿಸಿದ್ದೇವೆ. ಬ್ಯಾಟರಿ ಹೊಸದು. ಈಗ ಮೂರನೇ ಸೆಲ್ಫ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ?
— ಚನ್ನರಾಯಪಟ್ಟಣದ ಓದುಗರು

ಉತ್ತರ: ಬೇಡ. ಎರಡು ಸೆಲ್ಫ್ ಒಂದೇ ರೀತಿ ಕೈಕೊಟ್ಟಿವೆ ಅಂದಮೇಲೆ ತಪ್ಪು ಸೆಲ್ಫಿನದ್ದಲ್ಲ, ಅದಕ್ಕೆ ಕರೆಂಟ್ ಹೋಗಿ ಬರುವ ದಾರಿಯದ್ದು.

ಸಂಜೆ ಹೊತ್ತು ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಬೆಳಕು ಸ್ವಲ್ಪವೂ ಕುಗ್ಗದೆ ಹಾಗೇ ಇದ್ದರೆ ಸೆಲ್ಫಿಗೆ ಕರೆಂಟೇ ಮುಟ್ಟುತ್ತಿಲ್ಲ. ಪೂರ್ತಿ ಆರಿದ ಹಾಗಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಬ್ಯಾಟರಿ ಕ್ಲಾಂಪ್ ಸಡಿಲ, ಇಲ್ಲವೇ ಸೆಲ್ಫ್ ಎಲ್ಲೋ ಸಿಕ್ಕಿಕೊಂಡಿದೆ. ಮಾಮೂಲಿ ಮಟ್ಟಕ್ಕೆ ಮಂಕಾಗಿ ಇಂಜಿನ್ ತಿರುಗಿದರೆ ಎಲ್ಲ ಸರಿ ಇದೆ. ದುಡ್ಡಿಲ್ಲದ ಪರೀಕ್ಷೆ ಇದು, ಮೊದಲು ಮಾಡಿ.

ಈಗ ಮುಖ್ಯ ಮಾತು. ನಿಮ್ಮ ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅಲ್ವಾ? ಸೆಲ್ಫಿಗೆ ದಪ್ಪ ವೈರಿನಲ್ಲಿ ಹೋದ ಕರೆಂಟ್ ಸೆಲ್ಫಿನ ಮೈಯಿಂದ ಇಂಜಿನ್ನಿಗೆ ಬಂದು, ಅಲ್ಲಿಂದ ಕಾರಿನ ಬಾಡಿಯ ಕಡೆ ದಾಟಿ ಬ್ಯಾಟರಿಗೆ ವಾಪಸ್ ಹೋಗಬೇಕು. ಈ ವಾಪಸ್ ದಾರಿಗೇ ಅರ್ತಿಂಗ್ ಅನ್ನುವುದು. ಇಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಆ ದಾಟುವ ಕೆಲಸ ಪೂರ್ತಿ ಅದರದ್ದೇ. ಗೇರ್‌ಬಾಕ್ಸ್ ಇಳಿಸಿದಾಗ ಅದನ್ನು ಬಿಚ್ಚುತ್ತಾರೆ, ವಾಪಸ್ ಹಾಕಲು ಮರೆಯುತ್ತಾರೆ. ಹಾಕಿದರೂ ಪೇಂಟಿನ ಮೇಲೆ, ತುಕ್ಕಿನ ಮೇಲೆ ಬಿಗಿಯುತ್ತಾರೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಟ್ಯಾಕ್ಸಿ ಬಂತು, ನಿಮ್ಮದೇ ಕಾಯಿಲೆ. ನಾನು ಆಗಲೇ ಸೆಲ್ಫ್ ಬಿಚ್ಚಲು ಪಾನಾ ಹಿಡಿದು ಕಾರಿನ ಕೆಳಗೆ ಹೋಗಿದ್ದೆ. ನಮ್ಮ ಮೇಸ್ತ್ರಿ ಎದ್ದು ಬಾ ಅಂದರು. ಡ್ರೈವರಿಗೆ ಸೆಲ್ಫ್ ಹೊಡೆಯಲು ಹೇಳಿ, ಮೂರು ನಾಲ್ಕು ಸಲ ಹೊಡೆಸಿ, ನನ್ನ ಬೆರಳು ಹಿಡಿದು ಕಾರ್ಬೊರೇಟರ್ ಹತ್ತಿರದ ಚೋಕ್ ವೈರಿನ ಮೇಲೆ ಇಟ್ಟರು. ಕಾದ ಕಾವಲಿ ಮುಟ್ಟಿದ ಹಾಗಾಯಿತು. ತಾಮ್ರದ ಪಟ್ಟಿ ತುಂಡಾಗಿತ್ತು. ಅಷ್ಟೂ ಕರೆಂಟ್ ಬೇರೆ ದಾರಿ ಇಲ್ಲದೆ ಆ ಸಣ್ಣ ಚೋಕ್ ವೈರ್, ಆಕ್ಸಿಲರೇಟರ್ ವೈರ್ ಹಿಡಿದು ವಾಪಸ್ ಹೋಗುತ್ತಿತ್ತು. ಹೊಸ ಪಟ್ಟಿ ಹಾಕಿದ್ದೇ ಸೆಲ್ಫ್ ಗೊರ್ರೆಂದು ತಿರುಗಿತು. ನೀವೂ ಚೋಕ್ ವೈರ್ ಮುಟ್ಟಿ ನೋಡಿ, ಆದರೆ ಮೆಲ್ಲಗೆ.

ಬಿಸಿಯಾದಾಗ ಮಾತ್ರ ಯಾಕೆ ಹೀಗೆ? ತಾಮ್ರ ಕಾದಷ್ಟೂ ಕರೆಂಟಿಗೆ ತಡೆ ಜಾಸ್ತಿ ಆಗುತ್ತದೆ. ಅರವತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಕಾಲುಭಾಗ ಜಾಸ್ತಿ. ತಣ್ಣಗಿದ್ದಾಗ ಹೇಗೋ ಕುಂಟಿಕೊಂಡು ನಡೆಯುತ್ತಿದ್ದ ಸೆಲ್ಫ್, ಬಿಸಿಯಾದಾಗ ಕೈ ಚೆಲ್ಲುತ್ತದೆ. ಒಂದು ಲೆಕ್ಕ ನೋಡಿ. ಇಂಜಿನ್ ತಿರುಗಿಸುವಾಗ ಸೆಲ್ಫ್ 200 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯಲ್ಲಿ ಒಂದು ಓಮ್‌ನ ನೂರರಲ್ಲೊಂದು ಪಾಲು ತಡೆ ಇದ್ದರೂ 2 ವೋಲ್ಟ್ ಅಲ್ಲೇ ಸುಟ್ಟುಹೋಗುತ್ತದೆ. ಆ ತಡೆ ಕಣ್ಣಿಗೆ ಕಾಣುವಂಥದ್ದಲ್ಲ, ಬೋಲ್ಟಿನ ಕೆಳಗಿನ ಒಂದು ಪದರ ತುಕ್ಕು ಸಾಕು.

ಮಲ್ಟಿಮೀಟರ್ ಇದ್ದರೆ ಅಳೆದೇ ನೋಡಬಹುದು. ಮೊದಲು ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ವೈರ್ ತೆಗೆದುಬಿಡಿ, ಇಂಜಿನ್ ಸ್ಟಾರ್ಟ್ ಆಗಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಅಳೆಯಿರಿ. ಬ್ಯಾಟರಿಯ ಎರಡು ಕಂಬಗಳ ನಡುವೆ ಸುಮ್ನೆ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಮೀಟರಿನ ಒಂದು ತುದಿ ಬಾಡಿ ಕಡೆಯ ಬ್ಯಾಟರಿ ಕಂಬಕ್ಕೆ, ಇನ್ನೊಂದು ತುದಿ ಇಂಜಿನ್ನಿನ ಬೋಳು ಕಬ್ಬಿಣಕ್ಕೆ. ಹೊಡೆಯುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಕೆಟ್ಟಿದೆ, ಬೇರೆ ಮಾತೇ ಬೇಡ. ಹಾಗೇ ಬ್ಯಾಟರಿಯ ಇನ್ನೊಂದು ಕಂಬದಿಂದ ಸೆಲ್ಫಿನ ಬೋಲ್ಟಿನ ತನಕ ಅಳೆಯಿರಿ, ಅಲ್ಲೂ ಅರ್ಧ ವೋಲ್ಟೇ ಮಿತಿ. ಸೆಲ್ಫಿಗೆ ಕರೆಂಟ್ ಬಿಡುವ ದಪ್ಪ ಸ್ವಿಚ್, ಅಂದರೆ ಸಾಲಿನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅದರ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

ಇಷ್ಟೆಲ್ಲ ಸರಿ ಇದ್ದೂ ಬಿಸಿಯಲ್ಲಿ ಕಷ್ಟಪಟ್ಟರೆ ಡಿಸ್ಟ್ರಿಬ್ಯೂಟರ್ ಟೈಮಿಂಗ್, ಅಂದರೆ ಇಂಜಿನ್ ಒಳಗೆ ಕಿಡಿ ಹಾರುವ ಹೊತ್ತು, ನೋಡಿಸಿ. ಜಾಸ್ತಿ ಮುಂದಿಟ್ಟಿದ್ದರೆ ಇಂಜಿನ್ನೇ ಸೆಲ್ಫಿಗೆ ಎದುರು ಒದೆಯುತ್ತದೆ. ನಿಮ್ಮ ಹಳೆಯ ಎರಡು ಸೆಲ್ಫ್ ಇನ್ನೂ ಮೆಕ್ಯಾನಿಕ್ ಹತ್ತಿರ ಇದ್ದರೆ ಇವತ್ತೇ ಹೋಗಿ ಇಸ್ಕೊಂಡು ಬನ್ನಿ. ತಾತನ ಕಾಲದ ಮೂಲ ಸೆಲ್ಫ್ ಅದರಲ್ಲೇ ಇರಬೇಕು.

ಪ್ರಶ್ನೆ: ನಮ್ಮ ತೋಟದಲ್ಲಿ 1966ರ ಅಂಬಾಸಿಡರ್ ಇದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿತ್ತು. ಈಗ ಸೆಲ್ಫ್ ಹೊಡೆದರೆ ಮೋಟರ್ ಸುಂಯ್ ಎಂದು ಜೋರಾಗಿ ತಿರುಗುತ್ತದೆ, ಇಂಜಿನ್ ಅಲ್ಲಾಡುವುದಿಲ್ಲ. ಹಲ್ಲು ಹೋಗಿದೆಯೇ? ಗ್ರೀಸ್ ಹಾಕಿದರೆ ಸರಿ ಹೋಗುತ್ತದೆಯೇ?
— ಸಕಲೇಶಪುರ ಕಡೆಯ ಓದುಗರು

ಉತ್ತರ: ಗ್ರೀಸ್ ಹಾಕಲೇಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಸೆಲ್ಫ್ ಯಾವ ಜಾತಿಯದು ಎಂದು ನೋಡಿ. ಸಾಲಿನಾಯ್ಡ್ ಸೆಲ್ಫಿನ ಬೆನ್ನ ಮೇಲೆ ಕೂತಿದ್ದರೆ ಅದು ಹೊಸ ಕಾಲದ್ದು. ಬೇರೆಯಾಗಿ ಬಾಡಿಯ ಮೇಲೆ ಕೂತಿದ್ದರೆ ಬೆಂಡಿಕ್ಸ್ ಸೆಲ್ಫ್. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚು. ನಿಮ್ಮ ಕಾಲದ ಗಾಡಿಯ 1489 ಸಿಸಿ ಇಂಜಿನ್ನಿಗೆ ಬರುತ್ತಿದ್ದುದು ಈ ಬೆಂಡಿಕ್ಸ್ ಸೆಲ್ಫೇ.

ಇದು ಕೆಲಸ ಮಾಡುವ ರೀತಿ ನನಗೆ ಇವತ್ತಿಗೂ ಬಲು ಇಷ್ಟ. ಸೆಲ್ಫಿನ ಶಾಫ್ಟಿನ ಮೇಲೆ ಸ್ಕ್ರೂ ಮರೆ, ಅಂದರೆ ಬೋಲ್ಟಿನ ಹಾಗೆ ಸುರುಳಿ ಗೀರು, ಇರುವ ಒಂದು ತೋಳು. ಅದರ ಮೇಲೆ ಸಣ್ಣ ಹಲ್ಲಿನ ಚಕ್ರ, ಅಂದರೆ ಪಿನಿಯನ್. ಮೋಟರ್ ಧಡಕ್ಕನೆ ತಿರುಗಿದಾಗ ಪಿನಿಯನ್ ತನ್ನ ತೂಕಕ್ಕೆ ಹಿಂದೆ ಉಳಿಯುತ್ತದೆ. ನಟ್ ಹಿಡಿದುಕೊಂಡು ಬೋಲ್ಟ್ ತಿರುಗಿಸಿದ ಹಾಗೆ ಅದು ಮರೆಯ ಮೇಲೆ ಜಾರಿ ಹೋಗಿ, ಇಂಜಿನ್ನಿನ ಹಿಂದಿರುವ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿನ ರಿಂಗಿಗೆ ಕಚ್ಚಿಕೊಳ್ಳುತ್ತದೆ. ಇಂಜಿನ್ ಸ್ಟಾರ್ಟ್ ಆದ ಕೂಡಲೇ ರಿಂಗು ಪಿನಿಯನ್ನನ್ನು ಜೋರಾಗಿ ತಿರುಗಿಸಿ ಅದೇ ಮರೆಯಲ್ಲಿ ವಾಪಸ್ ಎಸೆಯುತ್ತದೆ. ಯಾರೂ ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ.

ಅಂದರೆ ಪಿನಿಯನ್ ಮರೆಯ ಮೇಲೆ ಸಲೀಸಾಗಿ ಜಾರಬೇಕು. ಕ್ಲಚ್ ಪ್ಲೇಟಿನ ಧೂಳು, ಇಂಜಿನ್ ಹಿಂಬದಿಯಿಂದ ಸೋರುವ ಆಯಿಲ್, ಮಲೆನಾಡಿನ ಮಳೆಗಾಲದ ತೇವ, ಮೂರೂ ಸೇರಿದರೆ ಅಲ್ಲಿ ಕಪ್ಪು ಅಂಟು ಕಟ್ಟುತ್ತದೆ. ಆಗ ಪಿನಿಯನ್ ಹಿಂದೆ ಉಳಿಯದೆ ಶಾಫ್ಟಿನ ಜೊತೆಗೇ ಸುತ್ತುತ್ತದೆ. ನೀವು ಕೇಳುತ್ತಿರುವ ಸುಂಯ್ ಸದ್ದು ಅದೇ. ಹೊಸದಾಗಿ ಕೆಲಸ ಕಲಿಯುವಾಗ ನಾನು ಒಂದು ತೋಟದ ಕಾರಿನ ಬೆಂಡಿಕ್ಸಿಗೆ ಗ್ರೀಸ್ ಬಳಿದು ಕಳಿಸಿದ್ದೆ, ಚೆನ್ನಾಗಿ ಜಾರಲಿ ಎಂದು. ಹದಿನೈದು ದಿನಕ್ಕೆ ವಾಪಸ್ ಬಂತು. ಅಷ್ಟೂ ಧೂಳು ಗ್ರೀಸಿಗೆ ಮೆತ್ತಿ ಹಿಟ್ಟಿನ ಮುದ್ದೆಯಾಗಿತ್ತು. ಮಾಲೀಕರು ಬಿಸಿಲೆ ದಾರಿಯಲ್ಲಿ ರಾತ್ರಿ ನಿಂತುಬಿಟ್ಟಿದ್ದರಂತೆ, ಜೊತೆಗೆ ಬಸುರಿ ಮಗಳು. ಅವರು ನನಗೆ ಬೈಯಲಿಲ್ಲ. ಆದರೂ ಆ ಮಾತು ಮನಸ್ಸಿನಿಂದ ಹೋಗಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಬ್ಯಾಟರಿಯ ಬಾಡಿ ಕಡೆಯ ವೈರ್ ಮೊದಲು ಬಿಚ್ಚಿ. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಪ್ಲಸ್ಸೇ ಬಾಡಿಗೆ ಕಟ್ಟಿರುವುದುಂಟು, ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಸೆಲ್ಫ್ ಇಳಿಸಿ, ಪಿನಿಯನ್ ತುದಿ ಮಾತ್ರ ಸೀಮೆಎಣ್ಣೆಯಲ್ಲಿ ಅದ್ದಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಮೋಟರಿನ ಒಳಗೆ ಸೀಮೆಎಣ್ಣೆ ಇಳಿಯಬಾರದು, ಹಾಗಾಗಿ ತಲೆಕೆಳಗಾಗಿ ಹಿಡಿಯಿರಿ. ಕೈಯಲ್ಲಿ ತಿರುಗಿಸಿದರೆ ಪಿನಿಯನ್ ಮರೆಯ ಮೇಲೆ ತುದಿತನಕ ಹೋಗಿ, ಬಿಟ್ಟರೆ ಸಣ್ಣ ಸ್ಪ್ರಿಂಗಿನ ಬಲಕ್ಕೆ ವಾಪಸ್ ಬರಬೇಕು. ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಒಣಗಿಸಿ, ಒಣದಾಗಿಯೇ ವಾಪಸ್ ಹಾಕಿ. ಹಾಗೆ ಮಾಡಿದರೂ ಸುಂಯ್ ಎಂದರೆ ದೊಡ್ಡ ಸ್ಪ್ರಿಂಗ್ ಮುರಿದಿರಬಹುದು. ಹಲ್ಲು ಹೋಗಿದ್ದರೆ ಸುಂಯ್ ಅನ್ನುವುದಿಲ್ಲ, ಕರಕರ ಎಂದು ಅರೆಯುತ್ತದೆ.

ಪ್ರಶ್ನೆ: 1989ರ ಪ್ರೀಮಿಯರ್ ಪದ್ಮಿನಿ. ಸೆಲ್ಫ್ ಎತ್ತದಿದ್ದಾಗ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟರೆ ಸ್ಟಾರ್ಟ್ ಆಗುತ್ತದೆ. ಹೀಗೇ ನಡೆಸಬಹುದೇ?
— ಮೈಸೂರಿನ ಓದುಗರು

ಉತ್ತರ: ಮನೆ ತಲುಪಲು ನಡೆಸಿ, ಅಭ್ಯಾಸ ಮಾಡಿಕೊಳ್ಳಬೇಡಿ. ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆದು ಗಿಡ್ಡವಾಗಿದೆ. ಸ್ಪ್ರಿಂಗು ಅದನ್ನು ಕಮ್ಯುಟೇಟರಿಗೆ, ಅಂದರೆ ಶಾಫ್ಟಿನ ಮೇಲಿನ ತಾಮ್ರದ ಪಟ್ಟಿಗಳ ಉರುಳೆಗೆ, ಒತ್ತಲಾರದು, ಏಟಿನ ಅದುರಿಗೆ ಒಂದು ಕ್ಷಣ ಮುಟ್ಟುತ್ತದೆ ಅಷ್ಟೇ. ಪ್ರತಿ ಸಲ ಅಲ್ಲಿ ಕಿಡಿ ಹಾರಿ ತಾಮ್ರ ಸುಡುತ್ತದೆ. ಕಾರ್ಬನ್ ಸೆಟ್ ಬದಲಾಯಿಸುವುದು ಸಣ್ಣ ಖರ್ಚು. ತಂತಿ ಸುತ್ತಿದ ತಿರುಗುವ ಭಾಗ, ಅಂದರೆ ಆರ್ಮೇಚರ್, ಸುಟ್ಟರೆ ದೊಡ್ಡ ಖರ್ಚು.

ಬಿಚ್ಚಿದಾಗ ಕಮ್ಯುಟೇಟರನ್ನು ನಯವಾದ ಗ್ಲಾಸ್ ಪೇಪರಿನಲ್ಲಿ ಉಜ್ಜಿಸಿ. ಎಮರಿ ಬೇಡ, ಅದರ ಪುಡಿ ತಾಮ್ರದಲ್ಲಿ ಹುದುಗಿ ಹೊಸ ಕಾರ್ಬನ್ ತಿನ್ನುತ್ತದೆ. ಅಂಬಾಸಿಡರ್ ಇಟ್ಟಿರುವವರಿಗೂ ಒಂದು ಮಾತು: ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಲ್ಲಿ ತಾಮ್ರದ ಪಟ್ಟಿಗಳ ನಡುವಿನ ಮೈಕಾ ಕೆರೆಯುವ ರೂಢಿ ಇದೆ. ಲೂಕಾಸ್ ಕಂಪನಿಯ ಸೆಲ್ಫಿನಲ್ಲಿ ಅದನ್ನು ಕೆರೆಯಬಾರದು. ಡೈನಮೋ ಕೈ ಅಭ್ಯಾಸದಲ್ಲಿ ಸೆಲ್ಫನ್ನೂ ಕೆರೆದುಬಿಡುವವರನ್ನು ಬಹಳ ನೋಡಿದ್ದೇನೆ. ಶಾಫ್ಟ್ ಕೂತು ತಿರುಗುವ ಕಂಚಿನ ಬುಷ್ ಸಡಿಲವಾಗಿದ್ದರೆ ಅದನ್ನೂ ಬದಲಾಯಿಸಿ. ಹೊಸ ಬುಷ್ ಹಾಕುವ ಮೊದಲು ಇಡೀ ಒಂದು ದಿನ ತೆಳು ಇಂಜಿನ್ ಆಯಿಲಿನಲ್ಲಿ ನೆನೆಹಾಕಿ. ಅದು ಎಣ್ಣೆ ಕುಡಿಯುವ ಕಂಚು. ಆಮೇಲೆ ಅದಕ್ಕೆ ಎಣ್ಣೆ ಬಿಡುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಅಂಬಾಸಿಡರಿನ ಸೆಲ್ಫ್ ಕೆಲವು ಸಲ ಠಣ್ ಎಂದು ಸಿಕ್ಕಿಕೊಂಡು ನಿಂತುಬಿಡುತ್ತದೆ, ಲೈಟೂ ಆರಿದ ಹಾಗಾಗುತ್ತದೆ. ಕಾರಿನ ಮುಂದೆ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡಲು ನನ್ನ ಮಗನಿಗೆ ಹೇಳಿಕೊಡಲೇ?
— ಅರಸೀಕೆರೆಯ ಓದುಗರು

ಉತ್ತರ: ಪಿನಿಯನ್ ರಿಂಗಿನ ಹಲ್ಲಿಗೆ ಸಿಕ್ಕಿ ಬಿಗಿದಿದೆ. ಹೊಡೆಯುತ್ತಲೇ ಇರಬೇಡಿ, ಸೆಲ್ಫ್ ಸುಡುತ್ತದೆ. ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ‘ಟಿಕ್’ ಎಂದು ಬಿಡುತ್ತದೆ. ಬಿಡದಿದ್ದರೆ ಸೆಲ್ಫಿನ ಹಿಂತುದಿಯಲ್ಲಿ ಒಂದು ಸಣ್ಣ ಮುಚ್ಚಳ ಇದೆ. ತೆಗೆದರೆ ಶಾಫ್ಟಿನ ಚೌಕ ತುದಿ ಕಾಣುತ್ತದೆ, ಅದನ್ನು ಪಾನಾದಲ್ಲಿ ತಿರುಗಿಸಿ ಬಿಡಿಸಬಹುದು.

ಮಗನಿಗೆ ಹ್ಯಾಂಡಲ್ ಖಂಡಿತ ಹೇಳಿಕೊಡಿ, ಆದರೆ ಹಿಡಿಯುವುದನ್ನು ಮೊದಲು ಕಲಿಸಿ. ಹೆಬ್ಬೆರಳು ಹ್ಯಾಂಡಲ್ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಜೊತೆಗೇ ಒಂದೇ ಕಡೆ ಇರಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಇಂಜಿನ್ ಎದುರು ಒದ್ದರೆ ಮುಂಗೈ ಮುರಿಯುತ್ತದೆ. ಹಾಗೆ ಮುರಿದ ಕೈಗಳನ್ನು ನೋಡಿದ್ದೇನೆ.

ಪದೇ ಪದೇ ಸಿಕ್ಕಿಕೊಂಡರೆ ರಿಂಗು ಸವೆದಿದೆ. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಮಾಡಿದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಒಂದಕ್ಕೊಂದು ಎದುರುಬದುರು. ಹಾಗಾಗಿ ಪಿನಿಯನ್ ಸದಾ ಅವೇ ಹಲ್ಲುಗಳನ್ನು ಹೊಡೆಯುತ್ತದೆ. ಉಳಿದ ಹಲ್ಲುಗಳು ಹೊಸದರ ಹಾಗೇ ಇರುತ್ತವೆ. ಹೊಸ ರಿಂಗು ಸಿಗದಿದ್ದರೆ, ಮುಂದಿನ ಸಲ ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಫ್ಲೈವೀಲನ್ನು ಒಳ್ಳೆಯ ಲೇತ್ ಅಂಗಡಿಗೆ ಕೊಡಿ. ರಿಂಗನ್ನು ಕಾಯಿಸಿ ತೆಗೆದು, ಕಾಲು ಸುತ್ತು ತಿರುಗಿಸಿ, ಮತ್ತೆ ಕಾಯಿಸಿ ಕೂರಿಸುತ್ತಾರೆ. ಕೆಂಪಗೆ ಕಾಯಿಸಬಾರದು, ಹಲ್ಲಿನ ಗಟ್ಟಿತನ ಹೋಗುತ್ತದೆ. ಕೊಡುವ ಮೊದಲು ಸವೆದ ಎರಡೂ ಜಾಗಕ್ಕೆ, ಅದರ ನೇರ ಫ್ಲೈವೀಲಿಗೂ, ಬಿಳಿ ಪೇಂಟಿನಲ್ಲಿ ನೀವೇ ಗುರುತು ಹಾಕಿ. ವಾಪಸ್ ಬಂದಾಗ ರಿಂಗಿನ ಗುರುತು ಫ್ಲೈವೀಲಿನ ಗುರುತಿನ ನೇರಕ್ಕೆ ಇರಬಾರದು.