ಅಟ್ಟಣೆ ಸರಿ ಇದೆ, ಹೋಗೋ ದಾರಿ ಸರಿ ಇಲ್ಲ

ಪ್ರಶ್ನೆ: ಸಾರ್, ನಮ್ದು ಹೊಸನಗರ ಕಡೆ. ತೋಟದ ಮೇಲ್ಗಡೆ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಸಂಜೆ ಕಡವೆ, ಕಾಡುಕುರಿ ಮೇಯಕ್ಕೆ ಬರ್ತವೆ. ಫೋಟೋಕ್ಕೆ ಅಂತ ಅಟ್ಟಣೆ ಕಟ್ಟಿದೀನಿ, ಆದ್ರೆ ಏಣಿ ಹತ್ತಿ ಕೂರೋದ್ರೊಳಗೆ ಒಂದೂ ಇರಲ್ಲ. ಅಮೆರಿಕದ ಬೇಟೆಗಾರರು ಅಟ್ಟಣೆಗೆ ಮರೆ ದಾರಿ ಮಾಡೋ ವಿಡಿಯೋ ನೋಡ್ದೆ, ನಮ್ಮಲ್ಲಿ ಹೆಂಗೆ ಮಾಡೋದು?

ಉತ್ತರ: ಮೊದ್ಲೇ ಹೇಳ್ಬಿಡ್ತೀನಿ, ಅಲ್ಲಿ ಲೈಸೆನ್ಸ್ ತಗೊಂಡು ಬೇಟೆ ಆಡ್ತಾರೆ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇವನ್ನ ಹೊಡೆಯೋದು ಅಪರಾಧ, ಹಾಗಾಗಿ ಇದು ಕ್ಯಾಮೆರಾ ಹಿಡಿದು ಕೂರೋರಿಗೆ ಮಾತ್ರ. ಜಾಗ ನಿಮ್ಮ ಖಾತೇದಾ ನೋಡ್ಕೊಳ್ಳಿ. ಸೊಪ್ಪಿನಬೆಟ್ಟ ಆಗಿದ್ರೆ ಸೊಪ್ಪು ತರೋ ಹಕ್ಕಷ್ಟೇ ನಿಮ್ದು, ಫಾರೆಸ್ಟ್ ಆಫೀಸಲ್ಲಿ ಕೇಳದೆ ಏನೂ ಕಟ್ಟಬೇಡಿ.

ಎಲ್ರೂ ಕಣ್ಣಿಗೆ ಮರೆ ಮಾಡಕ್ಕೆ ಹೋಗ್ತಾರೆ, ಕಡವೆಗೆ ಮೂಗೇ ಮುಂದು. ಬಿಸಿಲಿರೋವಾಗ ಗಾಳಿ ಗುಡ್ಡದ ಮೇಲಕ್ಕೆ ಏರುತ್ತೆ, ಸಂಜೆ ತಂಪಾದ್ಮೇಲೆ ಹಳ್ಳದ ಗುಂಟ ಕೆಳಗೆ ಇಳಿಯುತ್ತೆ. ನೀವು ಮಧ್ಯಾಹ್ನ ಮೂರು ಗಂಟೆ ಬಿಸಿಲಲ್ಲಿ ತೋಟದಿಂದ ನೇರ ಹತ್ತಿದ್ರೆ ನಿಮ್ಮ ಬೆವರಿನ ವಾಸನೆ ನಿಮಗಿಂತ ಮುಂಚೆ ಮೇಲಿನ ಕಾಡು ಮುಟ್ಟಿರುತ್ತೆ. ಬಿಸಿಲು ಗುಡ್ಡ ಬಿಟ್ಟು ಗಾಳಿ ತಿರುಗಿದ ಮೇಲೆ, ಅವು ಹೊರಗೆ ಬರೋ ಮುಂಚೆ ಹತ್ತಿ. ಬೂರುಗದ ಹತ್ತಿಯ ಒಂದೊಂದೇ ಎಳೆ ಗಾಳಿಗೆ ಬಿಡ್ತಾ ಹೋಗಿ, ಎಲ್ಲಿ ಸುಳಿ ತಿರುಗುತ್ತೆ ಅಂತ ಕಣ್ಣಿಗೇ ಕಾಣುತ್ತೆ, ದಾರಿ ಅದನ್ನ ನೋಡಿ ಗುರುತು ಮಾಡಿ, ಸುತ್ತು ಆದ್ರೂ ಪರವಾಗಿಲ್ಲ. ಅವು ಓಡಾಡೋ ಜಾಡನ್ನ ಮಾತ್ರ ದಾಟಬೇಡಿ.

ಮರೆಗೆ ತೋಟದ ಸುತ್ತಿನ ಹಳೇ ಅಗಳ (ಕಂದಕ) ಇದ್ರೆ ಅದಕ್ಕಿಂತ ಒಳ್ಳೇದಿಲ್ಲ, ಬಗ್ಗಿ ನಡೆದ್ರೆ ತಲೇನೂ ಕಾಣಲ್ಲ. ಅಲ್ಲಿಂದ ಮುಂದಕ್ಕೆ ಅಮೆರಿಕದೋರು ಎತ್ತರದ ಜೋಳದ ಜಾತಿ, ಸ್ವಿಚ್‌ಗ್ರಾಸ್ ಅನ್ನೋ ಎತ್ತರದ ಹುಲ್ಲು ಬಿತ್ತುತ್ತಾರೆ, ನಮ್ಮಲ್ಲಿ ಜೋಳ ಹಾಕಿದ್ರೆ ಹಂದಿ ಕರೆದಂಗೆ. ವಾಟೆ ಬಿದಿರು ಇಲ್ಲಾ ಲಕ್ಕಿ ಗಿಡ ಮಳೆಗಾಲದ ಶುರುಲಿ ನೆಡಿ, ಬೆಳೆಯೋವರೆಗೂ ಅಡಿಕೆ ಸೋಗೆ ತಟ್ಟಿ ಸಾಕು. ದಾರೀಲಿ ಒಂದು ತಿರುವು ಇರ್ಲಿ. ದರಗು (ಒಣಗಿದ ಎಲೆ) ಪೂರ್ತಿ ಗುಡಿಸಿ, ಬೇಸಿಗೇಲಿ ಅದರ ಮೇಲೆ ಕಾಲಿಟ್ರೆ ಹಪ್ಪಳ ಮುರಿದಂಗೆ ಕೇಳುತ್ತೆ.

ಏಣಿ ಮರದ ಹಿಂದೆ ಇರ್ಬೇಕು, ಹತ್ತೋವಾಗ ಬೆನ್ನ ಹಿಂದೆ ಸೊಪ್ಪಿರ್ಬೇಕು, ಬರೀ ಆಕಾಶ ಇದ್ರೆ ಆಕಾರ ಎದ್ದು ಕಾಣುತ್ತೆ. ಮೆಟ್ಟಿಲು ಕಿರುಗುಟ್ಟೋ ಕಡೆ ಸೈಕಲ್ ಟ್ಯೂಬ್ ಸುತ್ತಿ. ನೀಲಿ ಟಾರ್ಪಾಲು, ಬಿಳಿ ಪಂಚೆ ಎರಡೂ ಬೇಡ, ಜಿಂಕೆ ಜಾತಿಗೆ ಕೆಂಪು ಸರಿಯಾಗಿ ಗೊತ್ತಾಗಲ್ಲ ಆದ್ರೆ ನೀಲಿ ಚೆನ್ನಾಗಿ ಗೊತ್ತಾಗುತ್ತೆ. ಕಡವೆ ಎರಡೂ ಕಿವಿ ನಿಮ್ಮ ಕಡೆ ತಿರುಗ್ಸಿ ಮುಂಗಾಲು ನೆಲಕ್ಕೆ ಕುಟ್ತು ಅಂದ್ರೆ ಅನುಮಾನ ಬಂದಿದೆ, ಏಣಿ ಮೇಲೇ ಇದ್ರೂ ಅಲ್ಲಾಡ್ಬೇಡಿ, ತಲೆ ಬಗ್ಗಿಸಿ ಮೇಯೋವರೆಗೆ ಕಾಯಿರಿ.

ಇಳಿಯೋದನ್ನೂ ಈಗ್ಲೇ ಯೋಚ್ನೆ ಮಾಡಿ. ಕತ್ತಲಾದ್ರೂ ಕೆಳಗೆ ಮೇಯ್ತಾ ಇದ್ರೆ ಇಳೀಬೇಡಿ, ಅಟ್ಟಣೇಲಿ ಮನುಷ್ಯ ಇದಾನೆ ಅಂತ ಒಂದ್ಸಲ ಗೊತ್ತಾದ್ರೆ ಆಮೇಲೆ ಬ್ಯಾಣಕ್ಕೆ ಬರೋ ಹೊತ್ತೇ ಬದಲಾಗುತ್ತೆ. ಮನೆಗೆ ಮೆಸೇಜ್ ಹಾಕಿ, ಯಾರಾದ್ರೂ ದಿನಾ ದನ ಹುಡ್ಕೋ ದಾರೀಲಿ ಟಾರ್ಚ್ ಹಿಡ್ಕೊಂಡು ಕೂಗ್ತಾ ಬರ್ಲಿ, ಆ ಸದ್ದು ಅವಕ್ಕೆ ಅಭ್ಯಾಸ, ಕಾಡಿಗೆ ಸರಿದು ಹೋಗ್ತವೆ. ಕಾಟಿ (ಕಾಡುಕೋಣ) ತಿರುಗೋ ಕಡೆ ರಾತ್ರಿ ಒಬ್ರೇ ಇಳಿಯೋದೂ ತಪ್ಪುತ್ತೆ.